ನಡುವಿನ ನಾಬ್

ಗಿಟಾರ್ ನನ್ನದು, ಆಂಪ್ ಅವನದು. ನಾನೂ ನನ್ನ ಗಂಡನೂ ಸಂಸಾರವನ್ನು ದನಿ ಏರಿಸದೆ ಹಂಚಿಕೊಂಡಾಗ ಒಂದೇ ಏಟಿಗೆ ಇತ್ಯರ್ಥವಾದದ್ದು ಇದೊಂದೇ. ಮಿಕ್ಸಿ ಯಾರಿಗೆ, ಪುಸ್ತಕದ ಕಪಾಟು ಯಾರಿಗೆ ಎನ್ನುವಾಗ ನೀನೇ ಇಟ್ಕೋ, ಬೇಡ ನೀನೇ ಇಟ್ಕೋ ಎಂದು ಇಬ್ಬರೂ ಬೀಗರ ಹಾಗೆ ಉಪಚಾರ ಮಾಡಿದ್ದೆವು. ಆಂಪ್ ವಿಷಯದಲ್ಲಿ ಆ ಉಪಚಾರ ಇರಲಿಲ್ಲ. ಅದು ಮದುವೆಗೆ ಮುಂಚಿನಿಂದ ಅವನ ಬಳಿ ಇದ್ದದ್ದು. ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿಟ್ಟು, ಬೆಲ್ಟ್ ಹಾಕಿ ಕರೆದುಕೊಂಡು ಹೋದ. ನಾನು ಗೇಟಿನ ಬಳಿ ನಿಂತು ನೋಡಿದೆ.

ಆಂಪ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಅದು ವೀಣೆಯ ಹಾಗೆ ಟೊಳ್ಳಲ್ಲ, ಗಟ್ಟಿ ಮರದ ಹಲಗೆ. ಮೀಟಿದರೆ ಸೊಳ್ಳೆಯಷ್ಟು ಸದ್ದು. ಆ ಸದ್ದನ್ನು ಕೇಬಲ್ಲಿನಲ್ಲಿ ಒಯ್ದು ದೊಡ್ಡದು ಮಾಡುವ ಪೆಟ್ಟಿಗೆ ಆಂಪ್. ಇವೆರಡರ ಮಧ್ಯೆ, ಕಾಲಿನ ಹತ್ತಿರ ಇಟ್ಟುಕೊಂಡು ತುಳಿದು ಚಾಲೂ ಮಾಡುವ ಪುಟ್ಟ ಡಬ್ಬಿಗಳು ಪೆಡಲ್‌ಗಳು. ಒಂದು ಸದ್ದನ್ನು ಒರಟು ಮಾಡುತ್ತದೆ, ಇನ್ನೊಂದು ಅದನ್ನು ಬಾವಿಯೊಳಗಿಂದ ಬಂದಂತೆ ಮೊಳಗಿಸುತ್ತದೆ. ಜಯನಗರದ ಮನೆ ಬಿಟ್ಟು ಸಾರಕ್ಕಿಯ ಈ ಮೊದಲ ಮಹಡಿಗೆ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ನಾನು ಸೊಳ್ಳೆಯ ಸದ್ದಿನಲ್ಲೇ ಕಾಲ ತಳ್ಳಿದೆ. ಗಿಟಾರಿನ ಮೇಲ್ತುದಿಗೆ ಗಲ್ಲ ಒತ್ತಿಕೊಂಡರೆ ಮೂಳೆಯ ಮೂಲಕ ಒಂದಿಷ್ಟು ಕೇಳಿಸುತ್ತಿತ್ತು.

ನನ್ನ ಕಸುಬೇ ಕಿವಿಯದು. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತೇನೆ, ಬೇಕಾದವರಿಗೆ ಕಿವಿ ಮಿಷನ್ ಹೊಂದಿಸಿ ಕೊಡುತ್ತೇನೆ. ದಿನವಿಡೀ ಕೇಳಿಸ್ತಾ, ಈಗ ಕೇಳಿಸ್ತಾ ಎಂದು ಕೇಳುವುದೇ ಕೆಲಸ. ಸಂಜೆ ಮನೆಗೆ ಬಂದು ಬೀಗ ತೆಗೆದರೆ ಮಾರನೆಯ ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲಿಗೆ ಹೋಗಿ ಗುಡ್ ಮಾರ್ನಿಂಗ್ ಎನ್ನುವ ತನಕ ನನ್ನ ದನಿಗೆ ಕೆಲಸವಿರುತ್ತಿರಲಿಲ್ಲ. ಭಾನುವಾರ ಬಂದರೆ ಇನ್ನೂ ಒಂದು ದಿನ ರಜ. ಒಂದು ಸೋಮವಾರ ಮೊದಲ ಪೇಷಂಟಿನ ಮುಂದೆ ಬಾಯಿ ತೆರೆದರೆ ಗಂಟಲು ಕಟ್ಟಿತ್ತು. ನೆಗಡಿಯಿಲ್ಲ, ಕೆಮ್ಮಿಲ್ಲ, ಬಳಸದೆ ಕಟ್ಟಿಕೊಂಡಿತ್ತು. ನನಗೆ ಅಷ್ಟು ಭಯ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವಾಗಲೂ ಆಗಿರಲಿಲ್ಲ. ಅವತ್ತು ಸಂಜೆ ಆಂಪ್ ಕೊಳ್ಳಲು ಹೊರಟೆ.

ಜಯನಗರದಲ್ಲಿ ವಾದ್ಯಗಳ ಅಂಗಡಿಯೊಂದಿದೆ. ಕೆಳಗೆ ತಬಲ, ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆ, ಮೇಲೆ ಗಿಟಾರುಗಳು. ಮೆಟ್ಟಿಲು ಹತ್ತಿ ನಿಂತಾಗ ಸೇಲ್ಸ್‌ಮನ್ ಬಂದು, ಮಗನಿಗಾ ಮೇಡಂ ಎಂದು ಕೇಳಿದ. ಹತ್ತಿ ಸೀರೆ, ನರೆತ ಬೈತಲೆ, ಸರಿ. ಆದರೆ ನನ್ನ ಹೆಗಲ ಮೇಲೆ ಗಿಟಾರಿನ ಚೀಲವಿತ್ತು. ಚೀಲ ನೋಡಿಯೂ ಕೇಳಿದ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ; ಹೌದು, ಮಗನಿಗೆ ಎಂದೆ. ಎಷ್ಟು ವಯಸ್ಸು ಮೇಡಂ ಎಂದ. ನಲವತ್ತಾರು ಎಂದೆ. ಪಾಪ, ಆಮೇಲೆ ಅವನು ಬಾಯಿ ಬಿಡದೆ ಒಂದು ಸ್ಟೂಲು ತಂದು ಹಾಕಿದ.

ಆಂಪ್ ಆರಿಸುವುದಕ್ಕೆ ನನ್ನದೊಂದು ಕ್ರಮವಿದೆ. ಒಂದೇ ಸಾಲನ್ನು ಎಲ್ಲದರಲ್ಲೂ ಬಾರಿಸಬೇಕು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ನಾನು ಬಾರಿಸುವುದು ಬ್ಲೂಸ್, ಅಮೆರಿಕದ ಕಪ್ಪುಜನರ ದುಃಖದ ಹಾಡುಗಳಿಂದ ಬಂದ ಸಂಗೀತ. ಅದಕ್ಕೆ ಒಗ್ಗುವ ಆಂಪ್ ಮೆಲ್ಲಗೆ ಮೀಟಿದಾಗ ತಿಳಿಯಾಗಿರುತ್ತದೆ, ಗಟ್ಟಿಯಾಗಿ ಮೀಟಿದಾಗ ಅದರ ಅಂಚು ಹರಿಯುತ್ತದೆ. ಅಳು ತಡೆದುಕೊಂಡು ಮಾತಾಡುವವರ ಗಂಟಲು ಯಾವುದೋ ಒಂದು ಪದದ ಮೇಲೆ ಒಡೆಯುತ್ತದಲ್ಲ, ಅಷ್ಟೇ ಹರಿಯಬೇಕು. ಹೆಚ್ಚಾದರೆ ಗಲಾಟೆ, ಕಡಿಮೆಯಾದರೆ ಸಪ್ಪೆ. ಟ್ರಾನ್ಸಿಸ್ಟರ್ ಆಂಪ್‌ಗಳು ಒಳ್ಳೆಯ ಗುಮಾಸ್ತರು, ಕೊಟ್ಟದ್ದನ್ನು ಕೊಟ್ಟ ಹಾಗೆ ಒಪ್ಪಿಸುತ್ತವೆ. ವಾಲ್ವ್ ಆಂಪ್‌ನೊಳಗೆ ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಬುರುಡೆಗಳಿರುತ್ತವೆ. ಸ್ವಿಚ್ ಹಾಕಿದ ಮೇಲೆ ಅದು ಕಾದು ಬಿಸಿಯಾಗಬೇಕು, ಕಾದ ಮೇಲೆ ಬೆರಳಿನ ಭಾರ ಅದಕ್ಕೆ ಗೊತ್ತಾಗುತ್ತದೆ. ನಾನು ಒಂದು ಚಿಕ್ಕ ವಾಲ್ವ್ ಆಂಪ್ ಮುಂದೆ ತುಂಬ ಹೊತ್ತು ಕೂತೆ. ವಾಲ್ಯೂಮಿನದು ಬಿಟ್ಟರೆ ಮುಂಭಾಗದಲ್ಲಿ ತಿರುಗಿಸುವ ಮೂರು ನಾಬ್: ಎಡಕ್ಕೆ ಬೇಸ್, ಬಲಕ್ಕೆ ಟ್ರೆಬಲ್, ನಡುವೆ ಮಿಡ್. ಕೆಳಗಿನ ಸದ್ದು, ಮೇಲಿನ ಸದ್ದು, ನಡುವಿನ ಸದ್ದು. ಅದನ್ನೇ ಕಟ್ಟಿಸಿದೆ.

ಪೆಡಲ್ ವಿಷಯಕ್ಕೆ ಬಂದಾಗ ಸೇಲ್ಸ್‌ಮನ್‌ಗೆ ಮತ್ತೆ ಮಾತು ಬಂತು. ಹಸಿರು ಬಣ್ಣದ ಒಂದು ಡಬ್ಬಿ ಮುಂದಿಟ್ಟು, ಬ್ಲೂಸ್ ಬಾರಿಸುವವರೆಲ್ಲ ಇದನ್ನೇ ತೊಗೋತಾರೆ ಎಂದ. ಎಲ್ಲರೂ ತೊಗೋತಾರೆ ಎಂದರೆ ನಾನು ತೆಗೆದುಕೊಳ್ಳುವುದಿಲ್ಲ, ಇದು ನನ್ನ ಜಾಯಮಾನ. ಆದರೂ ಮರ್ಯಾದೆಗೆ ತುಳಿದು ನೋಡಿದೆ. ಸದ್ದು ನೆಗಡಿಯಾದವರ ಹಾಗೆ ಮೂಗಿನಲ್ಲಿ ಬಂತು. ಅಗಲವೆಲ್ಲ ಹೋಗಿ ನಡುವೆ ಗುಡ್ಡೆ ಕಟ್ಟಿತು. ಬೇಡ ಎಂದು ಬೇರೆಯದೊಂದನ್ನು, ಸದ್ದಿನ ಸ್ವಭಾವ ಕೆಡಿಸದೆ ತುಸು ಒರಟು ಮಾಡುವಂಥದ್ದನ್ನು ತೆಗೆದುಕೊಂಡೆ.

ಮೊಳಗಿಸುವ ಪೆಡಲ್, ಅಂದರೆ ರಿವರ್ಬ್, ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅರೆಕೆರೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಾತ ಮಾರುತ್ತಿದ್ದ. ಮೂವತ್ತರ ಆಸುಪಾಸು, ಹೆಗಲ ಮೇಲೆ ಮಲಗಿದ ಕೂಸು. ಕೂಸು ಏಳಬಾರದೆಂದು ಇಬ್ಬರೂ ಪಿಸುಮಾತಿನಲ್ಲೇ ವ್ಯವಹಾರ ಮುಗಿಸಿದೆವು. ಬಾಗಿಲ ತನಕ ಬಂದವನು ಒಂದು ನಿಮಿಷ ಎಂದು ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದು ನನ್ನ ಚೀಲಕ್ಕೆ ಹಾಕಿದ. ನೋಡಿದರೆ ಅದೇ ಹಸಿರು ಪೆಡಲ್. ಬೇಡ ಎಂದೆ. ದುಡ್ಡೇನೂ ಬೇಡ ಮೇಡಂ, ಇದು ಮನೆಯಲ್ಲಿದ್ದರೆ ಮತ್ತೆ ಬ್ಯಾಂಡಿಗೆ ಹೋಗೋಣ ಅನ್ನಿಸುತ್ತೆ ಎಂದ. ಅವನ ಮುಖ ನೋಡಿ ಮತ್ತೆ ಬೇಡ ಎನ್ನಲಾಗಲಿಲ್ಲ. ಮನೆಗೆ ತಂದು, ಕಿವಿ ಮಿಷನ್ನಿನ ಹಳೆಯ ಸೆಲ್‌ಗಳನ್ನು ಹಾಕಿಡುವ ಡ್ರಾಯರಿನಲ್ಲಿ ತಳ್ಳಿ ಮರೆತೆ.

ಆಮೇಲಿನ ತಿಂಗಳುಗಳಲ್ಲಿ ನಾನು ನನ್ನ ಸದ್ದನ್ನು ಕಟ್ಟಿದೆ. ಕಟ್ಟಿದೆ ಎಂದೇ ಹೇಳಬೇಕು. ಬರೀ ನಾಬ್ ತಿರುಗಿಸುವುದರಲ್ಲಿ ಒಬ್ಬ ಮನುಷ್ಯ ಇಷ್ಟು ಭಾನುವಾರಗಳನ್ನು ಕಳೆಯಬಹುದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಇದೇ ವಿಷಯಕ್ಕೆ ಗಂಡಸರು ಕಚ್ಚಾಡುವುದನ್ನು ಓದುತ್ತಿದ್ದೆ. ಒಬ್ಬ ಬ್ಯಾಟರಿ ಹಾಕಿದರೆ ಸದ್ದು ಬೆಚ್ಚಗಿರುತ್ತದೆ ಎನ್ನುತ್ತಿದ್ದ, ಇನ್ನೊಬ್ಬ ಅವನ ಕಿವಿಯನ್ನೇ ಅನುಮಾನಿಸುತ್ತಿದ್ದ. ಇವರನ್ನೆಲ್ಲ ಕರೆದು ಕ್ಲಿನಿಕ್ಕಿನಲ್ಲಿ ಹೊರಗಿನ ಸದ್ದು ತೂರದ ನನ್ನ ಬೂತಿನಲ್ಲಿ ಕೂರಿಸಿ ಟೆಸ್ಟ್ ಮಾಡಬೇಕು ಅನ್ನಿಸುತ್ತಿತ್ತು. ಮನೆಯ ಅರ್ತಿಂಗ್ ಸರಿಯಿಲ್ಲದೆ ಆಂಪ್ ಗೊಣಗುತ್ತಿತ್ತು. ತಂತಿ ಮುಟ್ಟಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಎಲೆಕ್ಟ್ರಿಷಿಯನ್ ಬಂದು ನೋಡಿ, ಏನೂ ಆಗಲ್ಲ ಮೇಡಂ ಎಂದು ಹೇಳಿ ಹೋದ.

ನನಗೆ ಬೇಕಾಗಿದ್ದದ್ದು ಮನೆ ತುಂಬುವ ಸದ್ದು. ಒಬ್ಬರೇ ಇರುವವರ ಮನೆಯಲ್ಲಿ ಮೂಲೆಗಳು ಜಾಸ್ತಿ ಇರುತ್ತವೆ. ಬೇಸ್ ಏರಿಸಿದೆ, ನೆಲ ಬೆಚ್ಚಗಾಯಿತು. ಟ್ರೆಬಲ್ ಏರಿಸಿದೆ, ಕಿಟಕಿಯ ಹತ್ತಿರ ಬೆಳಕು ಬಂದಂತಾಯಿತು. ಮಿಡ್ ಏರಿಸಿದರೆ ಮಾತ್ರ ಕಿರಿಕಿರಿ; ಎದುರಿನ ಕುರ್ಚಿಯಲ್ಲಿ ಯಾರೋ ಕೂತು ಒಂದೇ ಸಮ ಮಾತಾಡಿದ ಹಾಗೆ. ಇಳಿಸಿದೆ. ಇಳಿಸಿದಷ್ಟೂ ಹಿತವಾಯಿತು. ಕೊನೆಗೆ ಸೊನ್ನೆಯಲ್ಲಿ ನಿಲ್ಲಿಸಿದೆ. ಮೇಲಿಂದ ರಿವರ್ಬ್ ಧಾರಾಳವಾಗಿ ಸುರಿದೆ. ಒಂದು ಸ್ವರ ಮೀಟಿ ಕೈ ತೆಗೆದರೆ ಅದು ಅಡುಗೆಮನೆಗೆ ಹೋಗಿ, ಬಟ್ಟೆ ಒಣಗುವ ಬಾಲ್ಕನಿ ಮುಟ್ಟಿ, ನಿಧಾನವಾಗಿ ವಾಪಸು ಬರುತ್ತಿತ್ತು. ನನಗೆ ಅಳು ಬರುವಷ್ಟು ಇಷ್ಟವಾಯಿತು. ಇದೇ ನನ್ನ ಟೋನ್ ಎಂದುಕೊಂಡೆ. ನಾಬುಗಳ ಸ್ಥಾನಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿಟ್ಟೆ.

ಈ ಟೋನ್ ಕೇಳುತ್ತಿದ್ದ ಇನ್ನೊಬ್ಬರೆಂದರೆ ಕೆಳಗಿನ ಮನೆಯ ಓನರ್ ಆಂಟಿ. ಸಾರಕ್ಕಿ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಮನೆತನ. ಅವರು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲೇ ಈ ಮೂರಂತಸ್ತು ನಿಂತಿದೆ. ಮಗ, ಸೊಸೆ, ಮೊಮ್ಮಕ್ಕಳು ಎಂದು ಅವರ ಮನೆ ಯಾವಾಗಲೂ ಸಂತೆ. ಆಂಟಿಗೊಂದು ನಿಯಮವಿತ್ತು. ಬಾಡಿಗೆಗೆ ಕೊಟ್ಟ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಕರೆದರೆ, ಕೊಟ್ಟ ಮೇಲೆ ಅದು ನಿಮ್ಮನೆ ಕಣಮ್ಮ ಎನ್ನುತ್ತಿದ್ದರು. ನೀರಿನ ವಿಷಯವಾಗಲಿ, ಹಬ್ಬದ ಒಬ್ಬಟ್ಟಾಗಲಿ, ಎಲ್ಲವೂ ಬಾಗಿಲಾಚೆ ನಿಂತೇ. ಮೊದಮೊದಲು ಕರೆಯುತ್ತಿದ್ದೆ, ಆಮೇಲೆ ಬಿಟ್ಟೆ. ಒಂದು ಭಾನುವಾರ ಬಂದು ಕೇಳಿದರು.

"ಏನಮ್ಮ, ಮೇಲೆ ಗ್ರೈಂಡರ್ ಹಾಕಿದ್ಯಾ? ನಮ್ ರೂಮ್ನಾಗೆ ಗುಂಯ್ ಅಂತೈತೆ."

ಗಿಟಾರ್ ಎಂದೆ. ಗಿಟಾರಾ ಎಂದು ನನ್ನ ಹಿಂದೆ ಇಣುಕಿ, ಹಿಟ್ಟು ರುಬ್ಬಿದಂಗೇ ಕೇಳ್ತದೆ ಎಂದು ಹೇಳಿ ಇಳಿದು ಹೋದರು. ನನಗೆ ಅವಮಾನವಾಯಿತು. ಸಂಗೀತ ತಿಳಿಯದವರ ಮಾತು ಎಂದು ತಳ್ಳಿಹಾಕಿ, ಆಂಪಿನ ಕೆಳಗೆ ಒಂದು ದಪ್ಪ ಚಾಪೆ ಹಾಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಿನಿಕ್ಕಿಗೆ ಒಬ್ಬರು ಬಂದರು. ಐವತ್ತು ದಾಟಿದ ಮನುಷ್ಯ, ಬ್ಯಾಂಕಿನಲ್ಲಿ ಕೆಲಸ, ಕಿವಿಯಲ್ಲಿ ಸದಾ ಸಿಳ್ಳೆ ಹೊಡೆದಂತೆ ಸದ್ದು. ಪರೀಕ್ಷೆ ಮಾಡಿದರೆ ಗ್ರಾಫಿನಲ್ಲಿ ಮೇಲಿನ ಸದ್ದುಗಳ ಕಡೆ ಒಂದು ಹಳ್ಳ ಬಿದ್ದಿತ್ತು. ಫ್ಯಾಕ್ಟರಿಯಲ್ಲಿ ದುಡಿದವರಿಗೆ ಬೀಳುವಂಥ ಹಳ್ಳ. ಬ್ಯಾಂಕಿನಲ್ಲಿ ಅಷ್ಟು ಸದ್ದು ಎಲ್ಲಿಂದ ಎಂದು ಕೇಳಿದೆ. ಆತ ಸಂಕೋಚಪಟ್ಟು, ಶನಿವಾರ ಡ್ರಮ್ಸ್ ಬಾರಿಸ್ತೀನಿ ಎಂದರು. ಬ್ಲೂಸ್ ಬಾರಿಸ್ತೀವಿ, ಮೂರು ಜನ ಇದ್ದೆವು, ಗಿಟಾರಿನವರು ಊರು ಬಿಟ್ಟರು, ಈಗ ಇಬ್ಬರೇ. ನಾನು ಇಯರ್ ಪ್ಲಗ್ ಹಾಕಿಕೊಳ್ಳುವ ಕ್ರಮ ವಿವರಿಸುತ್ತಿದ್ದವಳು ವಾಕ್ಯದ ಮಧ್ಯೆ ನಿಂತು, ನಾನು ಗಿಟಾರ್ ಬಾರಿಸ್ತೀನಿ ಎಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿ ಕಿವಿ ಬಿಸಿಯಾಯಿತು.

ಶನಿವಾರ ಮೂರು ಗಂಟೆಗೆ, ಬಿಟಿಎಂನ ಒಂದು ಬೇಸ್‌ಮೆಂಟಿನಲ್ಲಿ, ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುವ ಪ್ರಾಕ್ಟೀಸ್ ರೂಮು. ಒಂದು ಸಲ ಬಂದು ನೋಡಿ, ಸರಿಹೋದರೆ ಮುಂದುವರಿಸೋಣ ಎಂದಿದ್ದರು. ಆ ವಾರ ನನಗೆ ಊಟ ಸೇರಲಿಲ್ಲ. ಜೆಪಿ ನಗರದ ಒಂದು ಕೆಫೆಯಲ್ಲಿ ಮೂರು ತಿಂಗಳಿಗೊಮ್ಮೆ ಬಾರಿಸುತ್ತಾರಂತೆ. ನನಗೆ ಆ ಕೆಫೆ ಬೇಕಿರಲಿಲ್ಲ, ಚಪ್ಪಾಳೆ ಬೇಕಿರಲಿಲ್ಲ. ವಾರಕ್ಕೊಮ್ಮೆ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿ ಇರುವುದು ಬೇಕಿತ್ತು. ಅದು ಅಷ್ಟೊಂದು ಬೇಕಿತ್ತು ಎಂಬುದು ಆ ವಾರವೇ ಗೊತ್ತಾದದ್ದು.

ಆಂಪನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಹೋದೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ಆಟೋದವನು ತಿರುಗಿ, ಯುಪಿಎಸ್ ರಿಪೇರಿಗಾ ಮೇಡಂ ಎಂದ. ಹೂಂ ಎಂದೆ. ಅವತ್ತು ಜಗಳಕ್ಕೆ ಶಕ್ತಿ ಇರಲಿಲ್ಲ.

ರೂಮಿನ ಗೋಡೆಗೆಲ್ಲ ಕಪ್ಪು ಸ್ಪಂಜು. ಡ್ರಮ್ಸಿನ ಹಿಂದೆ ಆ ಬ್ಯಾಂಕಿನವರು, ಕಿವಿಯಲ್ಲಿ ನಾನು ಹೇಳಿದ ಪ್ಲಗ್ ಇತ್ತು, ನೋಡಿ ಸಂತೋಷವಾಯಿತು. ಬೇಸ್ ಗಿಟಾರ್ ಹಿಡಿದವಳು ಧಾರವಾಡದ ಕಡೆಯ ಹುಡುಗಿ, ಮೂವತ್ತು ಇರಬಹುದು, ಅಲ್ಲೇ ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿಗೆ ಹೋಗುತ್ತಾಳೆ. ನನ್ನನ್ನು ನೋಡಿ ಎದ್ದು ನಿಂತಳು. ಮಗನಿಗಾ ಎಂದು ಕೇಳಲಿಲ್ಲ. ಪೆನ್ಸಿಲ್ ಗೀಟಿಗೆ ಸರಿಯಾಗಿ ನಾಬುಗಳನ್ನಿಟ್ಟೆ. ಆಂಪ್ ಕಾಯುವ ತನಕ ಮೂವರೂ ಸುಮ್ಮನೆ ನಕ್ಕೆವು. ಆಮೇಲೆ ಡ್ರಮ್ಸಿನವರು ಕಡ್ಡಿಗೆ ಕಡ್ಡಿ ಬಡಿದು ಎಣಿಸಿದರು.

ಬ್ಲೂಸಿನ ಆವರ್ತ ಚಿಕ್ಕದು, ಯಾರು ಎಲ್ಲಿಂದ ಬಂದರೂ ಕೂಡಿಕೊಳ್ಳಬಹುದು. ಅವರಿಬ್ಬರೂ ಒಟ್ಟಿಗೆ ಹೊರಟದ್ದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ನಾನೂ ಮೀಟಿದೆ. ಏನೂ ಆಗಲಿಲ್ಲ. ಬೆರಳು ಆಡುತ್ತಿತ್ತು, ತಂತಿ ನಡುಗುತ್ತಿತ್ತು, ಆದರೆ ನನ್ನ ಸದ್ದು ಎಲ್ಲೂ ಇರಲಿಲ್ಲ. ವಾಲ್ಯೂಮ್ ಏರಿಸಿದೆ. ಅವರಿಬ್ಬರಿಗೂ ಗೊಂದಲವಾಗಿ ಅವರೂ ಜೋರು ಮಾಡಿದರು. ನಾನು ಮತ್ತೆ ಏರಿಸಿದೆ. ಕೋಣೆಯಲ್ಲಿ ಗುಂಯ್ ಎನ್ನುವ ಮೋಡ ಕಟ್ಟಿತು, ಆ ಮೋಡದಲ್ಲಿ ಒಂದು ಸ್ವರವೂ ಗುರುತು ಸಿಗದು. ಎರಡನೆಯ ಹಾಡೂ ಹಾಗೇ, ಮೂರನೆಯದೂ ಹಾಗೇ. ಹುಡುಗಿ ಕೊನೆಗೆ ಕೈ ನಿಲ್ಲಿಸಿ ಬಹಳ ಮೃದುವಾಗಿ ಹೇಳಿದಳು.

"ಅಕ್ಕಾರ, ನೀವು ಬಾರಸೂದು ಕಣ್ಣಿಗೆ ಕಾಣಸ್ತದ. ಕಿವೀಗೆ ಏನೂ ಕೇಳಸವಲ್ದು."

ಇಪ್ಪತ್ತು ವರ್ಷ ನಾನು ಬೇರೆಯವರಿಗೆ ಕೇಳಿಸುತ್ತದೆಯೇ ಎಂದು ವಿಚಾರಿಸಿದವಳು. ಕೇಬಲ್ ಬಿಚ್ಚಿ ಸುತ್ತಿಟ್ಟೆ. ಹೊರಡುವಾಗ ಡ್ರಮ್ಸಿನವರು ನನ್ನ ಆಂಪ್ ಎತ್ತಿ ಮೇಲೆ ತಂದುಕೊಟ್ಟು, ಮುಂದಿನ ಶನಿವಾರ ಇನ್ನೊಂದ್ಸಲ ನೋಡೋಣ ಮೇಡಂ ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ನೋಡೋಣ ಎಂದರೆ ಏನರ್ಥ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಗೆ ಬಂದು ಆಂಪನ್ನು ಚಾಪೆಯ ಮೇಲಿಟ್ಟು ಗೋಡೆ ನೋಡುತ್ತ ಕೂತೆ. ಗಂಡ ಹೋದ ದಿನ ಅಳದವಳು ಅವತ್ತು ಅತ್ತೆ.

ಬುಧವಾರ ಕ್ಲಿನಿಕ್ಕಿಗೆ ಗಂಡ ಹೆಂಡತಿ ಬಂದರು, ವಯಸ್ಸಾದವರು, ವಸಂತಪುರದಿಂದ. ಗಂಡನ ಕಿವಿ ಮಂದ. ಹೆಂಡತಿಯ ದೂರು ನಾನು ವಾರಕ್ಕೊಮ್ಮೆ ಕೇಳುವಂಥದ್ದೇ: ಬಸ್ಸು ಬಂದರೆ ಕೇಳಿಸುತ್ತದೆ, ಬಾಗಿಲು ಬಡಿದರೆ ಕೇಳಿಸುತ್ತದೆ, ತಾನು ಕರೆದರೆ ಮಾತ್ರ ಇಲ್ಲ, ಇದು ಬೇಕೆಂದೇ ಮಾಡುವುದು. ಕೂಗಿ ಕೂಗಿ ಆಕೆಯ ಗಂಟಲು ಬಿದ್ದುಹೋಗಿತ್ತು. ನಾನು ಎದ್ದು ಗೋಡೆಯ ಮೇಲಿನ ಚಿತ್ರದ ಬಳಿ ಹೋದೆ. ಎಡಕ್ಕೆ ಗುಡುಗು, ಬಸ್ಸಿನಂಥ ದಪ್ಪ ಸದ್ದುಗಳು, ಬಲಕ್ಕೆ ಹಕ್ಕಿ, ಗಂಟೆಯಂಥ ಸಣ್ಣ ಸದ್ದುಗಳು, ನಡುವೆ ಬಾಳೆಹಣ್ಣಿನ ಆಕಾರದ ಒಂದು ಹಳದಿ ಪಟ್ಟೆ. ಮನುಷ್ಯರ ಮಾತೆಲ್ಲ ಆ ಬಾಳೆಹಣ್ಣಿನೊಳಗೆ ಇರುತ್ತದೆ. ಎಷ್ಟೋ ವರ್ಷದಿಂದ ಬಾಯಿಪಾಠವಾಗಿರುವುದನ್ನೇ ಹೇಳಿದೆ.

"ಕೂಗಬೇಡಿ ಅಮ್ಮ. ಕೂಗಿದ್ರೆ ಸದ್ದು ಜಾಸ್ತಿ ಆಗುತ್ತೆ, ಮಾತು ಜಾಸ್ತಿ ಆಗಲ್ಲ. ಮಾತಿರೋದು ಇಲ್ಲಿ, ನಡುವೆ."

ಬೆರಳು ಹಳದಿ ಪಟ್ಟೆಯ ಮೇಲೆ ಇತ್ತು. ಬೆರಳು ಅಲ್ಲೇ ನಿಂತಿತು. ಮನೆಯಲ್ಲಿ, ಚಾಪೆಯ ಮೇಲೆ, ನಡುವಿನ ನಾಬ್ ಸೊನ್ನೆಯಲ್ಲಿತ್ತು. ನಾನೇ ಗೀಟು ಹಾಕಿ ಇಟ್ಟಿದ್ದೆ. ದಪ್ಪ ಸದ್ದಿನ ಜಾಗ ಬೇಸ್ ಗಿಟಾರಿನದು, ಸಣ್ಣ ಸದ್ದಿನ ಜಾಗ ಡ್ರಮ್ಸಿನ ತಟ್ಟೆಗಳದು. ನನಗೆಂದು ಖಾಲಿ ಬಿಟ್ಟಿದ್ದ ಜಾಗ ನಡುವಿನದು, ನಾನು ಅಲ್ಲೊಂದು ಬಿಟ್ಟು ಮಿಕ್ಕೆಲ್ಲ ಕಡೆ ಇದ್ದೆ. ನನ್ನ ಕಸುಬಿನ ಮೊದಲ ಪಾಠ ನನ್ನ ಮನೆಯಲ್ಲಿ ನನಗೇ ಹೊಳೆದಿರಲಿಲ್ಲ. ಒಬ್ಬಳೇ ಕೂತು, ಒಬ್ಬಳ ಮನೆ ತುಂಬುವುದಕ್ಕೆಂದು ಆರಿಸಿದ ಸದ್ದಿನಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಆ ಗಂಡ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಕ್ಷಮಿಸಿ ಎಂದು ಹೇಳಿ ಮತ್ತೆ ಕೂತೆ.

ಸಂಜೆ ಹೋಗಿ ಪೆನ್ಸಿಲಿನ ಗೀಟುಗಳನ್ನು ಒರೆಸಿದೆ. ಬೇಸ್ ಇಳಿಸಿದೆ, ರಿವರ್ಬ್ ಹೆಚ್ಚುಕಮ್ಮಿ ಪೂರ್ತಿ ತೆಗೆದೆ, ಮಿಡ್ ಅರ್ಧಕ್ಕಿಂತ ಮೇಲೆ ತಂದೆ. ಡ್ರಾಯರಿನಿಂದ ಹಸಿರು ಪೆಡಲ್ ಹುಡುಕಿ ತೆಗೆದು ಧೂಳು ಒರೆಸಿ ಸಿಕ್ಕಿಸಿದೆ. ಮೀಟಿದರೆ ಅದೇ ಮೂಗಿನ ದನಿ, ಒಣಕಲು, ಮೈಮೇಲೆ ಬಟ್ಟೆಯಿಲ್ಲದಂಥದ್ದು. ರಿವರ್ಬ್ ಇದ್ದಾಗ ಮುಚ್ಚಿಹೋಗುತ್ತಿದ್ದ ತಪ್ಪುಗಳೆಲ್ಲ ಎದ್ದು ಕಂಡವು. ಅದಕ್ಕಿಂತ ಕಷ್ಟವಾದದ್ದು ಬೇರೆ. ಸ್ವರ ಮುಗಿದರೆ ಮುಗಿಯುತ್ತಿತ್ತು, ಅಷ್ಟೇ. ಅದು ಅಡುಗೆಮನೆಗೆ ಹೋಗಿ ಬರುತ್ತಿರಲಿಲ್ಲ. ಮುಗಿದ ಮೇಲಿನ ಖಾಲಿಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸುತ್ತಿತ್ತು. ಈ ಮನೆ ಎಷ್ಟು ಖಾಲಿಯಿದೆ ಎಂದು ನಾನು ಇಲ್ಲಿಗೆ ಬಂದಾಗಿನಿಂದ ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಎರಡು ಸಲ ಕೈ ರಿವರ್ಬ್ ಕಡೆಗೆ ಹೋಯಿತು. ಶನಿವಾರದ ತನಕ ಹೇಗೋ ತಡೆದುಕೊಂಡು, ಇಲ್ಲದ ಡ್ರಮ್ಸಿಗೆ, ಇಲ್ಲದ ಬೇಸಿಗೆ ಜಾಗ ಬಿಟ್ಟು ಬಾರಿಸುವುದನ್ನು ಅಭ್ಯಾಸ ಮಾಡಿದೆ.

ಶನಿವಾರದ್ದನ್ನು ಉದ್ದ ಎಳೆಯುವುದಿಲ್ಲ. ಡ್ರಮ್ಸಿನವರು ಎಣಿಸಿದರು, ಹುಡುಗಿ ಹೊರಟಳು, ನಾನು ಮೀಟಿದೆ, ನನ್ನ ಸ್ವರ ಅವರಿಬ್ಬರ ಮಧ್ಯೆ ಹೋಗಿ ಕೂತಿತು. ವಾಲ್ಯೂಮ್ ಹೋದ ಸಲದ ಅರ್ಧವೂ ಇರಲಿಲ್ಲ. ಹುಡುಗಿ ತಲೆಯೆತ್ತಿ ನನ್ನ ಕಡೆ ನೋಡಿ, ನಾನು ಬಾರಿಸಿದ ಸಾಲಿಗೆ ಉತ್ತರವಾಗಿ ಒಂದು ಸಾಲು ಬಾರಿಸಿದಳು. ಅದಕ್ಕೆ ನಾನೊಂದು. ಅದಕ್ಕೆ ಅವಳೊಂದು. ನನ್ನ ಮಾತಿಗೆ ಯಾರಾದರೂ ಹಾಗೆ ಉತ್ತರ ಕೊಟ್ಟು ಬಹಳ ಕಾಲವಾಗಿತ್ತು. ಮುಗಿದ ಮೇಲೆ ಡ್ರಮ್ಸಿನವರು ಬೆವರು ಒರೆಸಿಕೊಳ್ಳುತ್ತ, ಮುಂದಿನ ಶನಿವಾರ ಮೂರಕ್ಕೇ ಬಂದ್ಬಿಡಿ ಎಂದರು. ನೋಡೋಣ ಎನ್ನಲಿಲ್ಲ. ಮೂವರೂ ಹೊರಗೆ ನಿಂತು ಕಾಫಿ ಕುಡಿದೆವು. ಹುಡುಗಿ ತನ್ನ ರೂಮಿಗೆ ಹೋದಳು, ಅವರು ತಮ್ಮ ಮನೆಗೆ ಹೋದರು, ನಾನು ಆಟೋ ಹಿಡಿದೆ.

ಒಂದು ಶನಿವಾರ ಎಲ್ಲವನ್ನೂ ಸರಿಮಾಡುವುದಿಲ್ಲ. ಮಾರನೆಯ ದಿನ ಭಾನುವಾರ, ಅದೇ ಬೀಗ, ಅದೇ ಮೂಲೆಗಳು. ಹನ್ನೊಂದು ಗಂಟೆ ಹೊತ್ತಿಗೆ ಆಂಪ್ ಮುಂದೆ ಕೂತಾಗ, ಇವತ್ತು ಯಾರಿಗೂ ಕೇಳಿಸಬೇಕಾಗಿಲ್ಲವಲ್ಲ, ಹಳೆಯ ಟೋನನ್ನೇ ಹಾಕಿಕೊಂಡರೆ ಏನು ತಪ್ಪು ಅನ್ನಿಸಿತು. ಬೆರಳು ನಡುವಿನ ನಾಬಿನ ಮೇಲಿತ್ತು. ನಿನ್ನೆ ಹುಡುಗಿ ತಲೆಯೆತ್ತಿ ನೋಡಿದ್ದು ನೆನಪಾಗಿ ಬೆರಳು ತೆಗೆದೆ. ಮೂಗಿನ ದನಿಯಲ್ಲೇ ನಿಧಾನವಾಗಿ ಬಾರಿಸಿದೆ. ಒಂದು ಸಾಲು ಬಾರಿಸಿ, ಉತ್ತರಕ್ಕೆ ಜಾಗ ಬಿಟ್ಟು, ಆ ಜಾಗದಲ್ಲಿ ಸುಮ್ಮನಿದ್ದು, ಮುಂದಿನ ಸಾಲು. ಹೀಗೇ ಮಧ್ಯಾಹ್ನವಾಯಿತು.

ಬಾಗಿಲು ಬಡಿದ ಸದ್ದಾಯಿತು. ಓನರ್ ಆಂಟಿ. ಅವರೆಕಾಯಿಯ ಕಾಲ ಶುರುವಾಗಿತ್ತು. ಒಂದು ಕೈಯಲ್ಲಿ ಸಾರಿನ ದೊಡ್ಡ ಡಬ್ಬಿ, ಇನ್ನೊಂದರಲ್ಲಿ ತಟ್ಟೆ ಮುಚ್ಚಿದ ಪಾತ್ರೆ. ಯಾವಾಗಲೂ ಕೊಡುವ ಪುಟ್ಟ ಬಟ್ಟಲಲ್ಲ. ನನ್ನ ಭುಜದ ಮೇಲಿಂದ ಒಳಗೆ ಕಣ್ಣಾಡಿಸಿ ದನಿ ತಗ್ಗಿಸಿದರು.

"ಯಾರೋ ಬಂದವ್ರಲ್ಲ, ಬೆಳಗ್ಗಿಂದ ಮಾತು ಕೇಳ್ತಾ ಐತೆ. ಹಿದಕಬೇಳೆ ಸಾರು, ಮುದ್ದೆ ತಂದೀವ್ನಿ. ಇಬ್ಬರಿಗಾಯ್ತದೆ."

ಯಾರೂ ಬಂದಿಲ್ಲ ಆಂಟಿ ಎಂದೆ. ಅವರು ಮತ್ತೊಮ್ಮೆ ಒಳಗೆ ನೋಡಿದರು. ಒಂದು ಕುರ್ಚಿ, ಚಾಪೆಯ ಮೇಲೆ ಒಂದು ಪೆಟ್ಟಿಗೆ, ಅದರ ಪುಟ್ಟ ಕೆಂಪು ದೀಪ. ಅದೇ ಗಿಟಾರು, ನಾನೇ ಬಾರಿಸ್ತಿದ್ದೆ ಎಂದೆ. ಅವರು ಡಬ್ಬಿ, ಪಾತ್ರೆ ಎರಡನ್ನೂ ನನ್ನ ಕೈಗೆ ಕೊಟ್ಟು, ಉಳಿದ್ರೆ ರಾತ್ರಿಗಾಯ್ತದೆ ಬಿಡು ಎಂದು ಮೆಟ್ಟಿಲಿನ ಕಡೆಗೆ ತಿರುಗಿದರು.

ಸಾರಿನ ಡಬ್ಬಿ ಬಿಸಿಯಿತ್ತು. ಇಬ್ಬರಿಗಾಗುವಷ್ಟು ಊಟ ಹಿಡಿದು ಒಬ್ಬಳೇ ಬಾಗಿಲು ಹಾಕಿಕೊಳ್ಳುವುದು ಅವತ್ತು ನನ್ನಿಂದ ಸಾಧ್ಯವಾಗಲಿಲ್ಲ. ಎಷ್ಟೋ ಕಾಲದಿಂದ ಯಾರಿಗೂ ಹೇಳದ ಮಾತನ್ನು ಹೇಳಿದೆ. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದೆ.

"ಆಂಟಿ, ಒಬ್ಬಳೇ ಊಟ ಮಾಡೋಕೆ ನಂಗೆ ಬೇಜಾರು. ಒಳಗೆ ಬನ್ನಿ, ನನ್ ಜೊತೆ ಕೂತ್ಕೊಳ್ಳಿ."

ಎರಡು ಮೆಟ್ಟಿಲು ಇಳಿದವರು ನಿಂತರು. ತಿರುಗಿ ನನ್ನ ಮುಖ ನೋಡಿದರು, ಹೊಸ್ತಿಲು ನೋಡಿದರು. ಆಮೇಲೆ ಮೇಲೆ ಬಂದು ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟರು.